ಡಿಗ್ರಿಗೆ ಸೇರುವ ಲೋ ವಿಷನ್ ವಿದ್ಯಾರ್ಥಿನಿ, ಪರೀಕ್ಷೆ ಕನ್ನಡದಲ್ಲಿ: ಮೊದಲು ಯಾವ ಕಾಗದ, ಯಾರ ಹತ್ತಿರ?

ಪೆರ್ಲ_ಪೇಟೆ ಕೇಳಿದ್ದು:

ತಂಗಿ ಪ್ಲಸ್ ಟು ಕನ್ನಡ ಮೀಡಿಯಂನಲ್ಲಿ ಮುಗಿಸಿ ಕಣ್ಣೂರು ವಿಶ್ವವಿದ್ಯಾಲಯದ ಕೆಳಗಿನ ಸರ್ಕಾರಿ ಕಾಲೇಜಿಗೆ ಸೇರುವವಳಿದ್ದಾಳೆ. ಮುಖ್ಯ ವಿಷಯ ಚರಿತ್ರೆ, ಜೊತೆಗೆ ಕನ್ನಡ. ಯುಡಿಐಡಿ ಕಾರ್ಡಿನಲ್ಲಿ (ಅಂಗವೈಕಲ್ಯದ ರಾಷ್ಟ್ರೀಯ ಗುರುತಿನ ಕಾರ್ಡ್) ಲೋ ವಿಷನ್, ಎಂದರೆ ಮಂದ ದೃಷ್ಟಿ, 70 ಶೇಕಡಾ ಎಂದು ಉಂಟು. ದೊಡ್ಡ ಅಕ್ಷರವನ್ನು ಹತ್ತಿರ ಹಿಡಿದು ಓದುತ್ತಾಳೆ, ಸ್ವಲ್ಪ ಹೊತ್ತಿನಲ್ಲಿ ಕಣ್ಣು ಸೋಲುತ್ತದೆ. ಬರೆಯಲು ಬರುತ್ತದೆ, ಆದರೆ ನಿಧಾನ.

ತಿಳಿಯಬೇಕಾದದ್ದು ಇಷ್ಟು. ಸ್ಕ್ರೈಬ್ (ಹೇಳಿದ್ದನ್ನು ಬರೆದುಕೊಡುವ ಸಹಾಯಕರು) ಬೇಕಾದರೆ ಕಾರ್ಡ್ ತೋರಿಸಿದರೆ ಸಾಕಾ? ಕನ್ನಡ ಬರೆಯುವ ಸ್ಕ್ರೈಬ್ ಸಿಗದಿದ್ದರೆ ಏನು ದಾರಿ? ಪಠ್ಯಗಳನ್ನು ಫೋನಿನಲ್ಲಿ ಕೇಳುವ ಹಾಗೆ ಮಾಡಲು ಆಗುತ್ತದಾ? ಕೇಂದ್ರದ ವಿದ್ಯಾರ್ಥಿವೇತನ ಹೇಗೆ? ಇಲ್ಲಿ ಸೀಟು ಸಿಗದೆ ಮಂಗಳೂರಿಗೆ ಹೋಗಬೇಕಾದರೆ ಕೇರಳದ ಕಾರ್ಡ್ ಅಲ್ಲಿ ನಡೆಯುತ್ತದಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

---

ಹಾಲ್_ಟಿಕೆಟ್ ಉತ್ತರ:

ಕಾರ್ಡ್ ಮಾತ್ರ ಸಾಲದು. ಹೆಚ್ಚಿನವರು ಎಡವುವುದು ಇಲ್ಲಿಯೇ, ಅದೂ ಪರೀಕ್ಷೆಯ ವಾರದಲ್ಲಿ.

ಕೇಂದ್ರದ ದಿವ್ಯಾಂಗರ ಸಬಲೀಕರಣ ಇಲಾಖೆ 2018ರ ಆಗಸ್ಟ್ 29ರಂದು ಲಿಖಿತ ಪರೀಕ್ಷೆಗಳ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಅಭ್ಯರ್ಥಿಗಳನ್ನು ಎರಡು ಗುಂಪು ಮಾಡಿದ್ದಾರೆ. ಅಂಧತ್ವ, ಎರಡೂ ಕೈಗಳ ಚಲನವೈಕಲ್ಯ, ಸೆರೆಬ್ರಲ್ ಪಾಲ್ಸಿ, ಈ ಮೂರರಲ್ಲಿ 40 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಇದ್ದವರು ಬೇಕೆಂದು ಕೇಳಿದರೆ ಸ್ಕ್ರೈಬ್ ಕೊಡಬೇಕು. ಉಳಿದವರು ಇನ್ನೊಂದು ಸರ್ಟಿಫಿಕೇಟ್ ತರಬೇಕು: "ಬರೆಯಲು ದೈಹಿಕ ಮಿತಿ ಇದೆ, ಸ್ಕ್ರೈಬ್ ಅಗತ್ಯ" ಎಂದು ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ, ಸಿವಿಲ್ ಸರ್ಜನ್ ಅಥವಾ ಮೆಡಿಕಲ್ ಸೂಪರಿಂಟೆಂಡೆಂಟ್ ಸಹಿ ಹಾಕಿದ್ದು. ಅದಕ್ಕೆ ನಿಗದಿತ ನಮೂನೆ ಉಂಟು, ಮಾರ್ಗಸೂಚಿಯ ಅನುಬಂಧ 1. ಅಕ್ಷರಶಃ ಓದಿದರೆ ಲೋ ವಿಷನ್ ಈ ಎರಡನೇ ಗುಂಪಿಗೆ ಬೀಳುತ್ತದೆ. ಕಣ್ಣಿನ ಡಾಕ್ಟರರು ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟ ಚೀಟಿಯನ್ನು ಪರೀಕ್ಷಾ ವಿಭಾಗ ವಾಪಸು ಕಳಿಸಿದರೆ ಅವರದ್ದು ತಪ್ಪಲ್ಲ. ನಮೂನೆ ಬೇರೆ, ಸಹಿ ಹಾಕಬೇಕಾದವರು ಬೇರೆ. ಆಸ್ಪತ್ರೆಗೆ ಹೋಗುವಾಗ ಖಾಲಿ ನಮೂನೆಯ ಎರಡು ಪ್ರತಿ, ಕಾರ್ಡ್, ಕಣ್ಣಿನ ಪರೀಕ್ಷೆಯ ಇತ್ತೀಚಿನ ವರದಿ ಜೊತೆಯಲ್ಲಿರಲಿ.

ಆದರೆ ಅದಕ್ಕೂ ಮೊದಲು ಒಂದು ಮಾತು. ನೀವು ಹೇಳಿದ ಸ್ಥಿತಿಯಲ್ಲಿ ತಂಗಿಗೆ ಸ್ಕ್ರೈಬ್ ಬೇಕೇ ಬೇಕು ಎಂದು ನನಗೆ ಅನಿಸುವುದಿಲ್ಲ. ಅವಳಿಗೆ ಕಷ್ಟ ಓದುವುದರಲ್ಲಿ. ಬರೆಯುವುದು ನಿಧಾನ ಅಷ್ಟೆ. ಹಾಗಿದ್ದರೆ ದೊಡ್ಡಕ್ಷರದ ಪ್ರಶ್ನೆಪತ್ರಿಕೆ, ಹೆಚ್ಚುವರಿ ಸಮಯ, ಬೇಕಾದರೆ ಪ್ರಶ್ನೆ ಓದಿ ಹೇಳುವ ರೀಡರ್ ಕೇಳಿ. ಅದೇ ಮಾರ್ಗಸೂಚಿಯಲ್ಲಿ ರೀಡರ್ ಕೂಡ ಉಂಟು, ಕಂಪ್ಯೂಟರಿನಲ್ಲಿ ಬರೆಯುವ ಆಯ್ಕೆಯೂ ಉಂಟು. ಸ್ಕ್ರೈಬ್ ಇಲ್ಲದೆ ಬರೆಯುವವರಿಗೂ 3 ಗಂಟೆಯ ಪರೀಕ್ಷೆಗೆ ಕನಿಷ್ಠ 1 ಗಂಟೆ ಹೆಚ್ಚು ಸಮಯ ಕೊಡಬಹುದು ಎಂದಿದೆ. ಚರಿತ್ರೆಯ ದೀರ್ಘ ಉತ್ತರವನ್ನು ಬಾಯಲ್ಲಿ ಹೇಳಿ ಬರೆಸುವುದಕ್ಕೆ ಬೇರೆಯೇ ಅಭ್ಯಾಸ ಬೇಕು. ಹಿಂದಿನ ವಾಕ್ಯ ನೆನಪಿಟ್ಟುಕೊಳ್ಳಬೇಕು, ಪ್ಯಾರಾ ಎಲ್ಲಿ ಮುರಿಯಬೇಕೆಂದು ಹೇಳಬೇಕು, ಹೆಸರುಗಳ ಕಾಗುಣಿತ ಬಿಡಿಸಿ ಹೇಳಬೇಕು. ಅಭ್ಯಾಸವಿಲ್ಲದೆ ಕೂತರೆ ಸ್ಕ್ರೈಬ್ ಇದ್ದೂ ಸಮಯ ಸಾಲುವುದಿಲ್ಲ.

ಸಮಯದ ಲೆಕ್ಕ ಹೀಗೆ: ಗಂಟೆಗೆ ಕನಿಷ್ಠ 20 ನಿಮಿಷ. ಒಂದೂವರೆ ಗಂಟೆಗೆ 30, 2 ಗಂಟೆಗೆ 40, 3 ಗಂಟೆಗೆ 60 ನಿಮಿಷ. ಒಂದು ಗಂಟೆಗಿಂತ ಕಡಿಮೆಯ ಪರೀಕ್ಷೆಗೆ ಅದೇ ಪ್ರಮಾಣದಲ್ಲಿ, 5ರ ಗುಣಕದಲ್ಲಿ, 5 ನಿಮಿಷಕ್ಕಿಂತ ಕಡಿಮೆ ಆಗದಂತೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಪರೀಕ್ಷೆ ಇದ್ದ ದಿನ ಹೆಚ್ಚುವರಿ ಸಮಯ ಸೇರಿಸಿ ನೋಡಿದರೆ ನಡುವೆ ಊಟಕ್ಕೂ ಬಿಡುವು ಉಳಿಯದೆ ಹೋಗಬಹುದು. ವೇಳಾಪಟ್ಟಿ ಬಂದ ದಿನವೇ ಇದನ್ನು ಪರೀಕ್ಷಾ ಕೇಂದ್ರದ ಚೀಫ್ ಸೂಪರಿಂಟೆಂಡೆಂಟರ ಗಮನಕ್ಕೆ ತನ್ನಿ.

ಕನ್ನಡ ಸ್ಕ್ರೈಬ್ ವಿಷಯ. ನೀವೇ ಸ್ಕ್ರೈಬ್ ತರುವುದಾದರೆ ಅವರ ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಹಂತ ಕೆಳಗೆ ಇರಬೇಕು ಎಂಬುದು 2018ರ ನಿಯಮವಾಗಿತ್ತು. ಡಿಗ್ರಿಯವರಿಗೆ ಎಂದರೆ ಪ್ಲಸ್ ಟು ಮಟ್ಟದವರು. 2018ರ ಮಾರ್ಗಸೂಚಿಯನ್ನು ಕೇಂದ್ರ 2025ರಲ್ಲಿ ಪರಿಷ್ಕರಿಸಿದೆ, ಹಾಗಾಗಿ ಆ ವರ್ಷದ ವಿಶ್ವವಿದ್ಯಾಲಯದ ಸುತ್ತೋಲೆ ಮತ್ತು ಅರ್ಜಿ ನಮೂನೆಯನ್ನೇ ಹಿಡಿಯಿರಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಮೀಡಿಯಂ ಹೈಯರ್ ಸೆಕೆಂಡರಿಯಲ್ಲಿ ಹುಡುಕಿದರೆ ಸಿಗುತ್ತಾರೆ. ತೊಂದರೆ ಬರುವುದು ಮಾರ್ಚ್ ತಿಂಗಳಲ್ಲಿ. ಪ್ಲಸ್ ವನ್, ಪ್ಲಸ್ ಟು ಮಕ್ಕಳಿಗೆ ಆಗ ಅವರದ್ದೇ ಪರೀಕ್ಷೆ, ಒಪ್ಪಿಕೊಂಡವರೂ ಕೊನೆಗೆ ಬರಲಾಗುವುದಿಲ್ಲ. ಆದ್ದರಿಂದ ಇಬ್ಬರ ಹೆಸರು, ಗುರುತಿನ ಚೀಟಿ, ಅಂಕಪಟ್ಟಿ ಮೊದಲೇ ಕೊಟ್ಟಿಡಿ. ವಿಶ್ವವಿದ್ಯಾಲಯದವರೇ ಸ್ಕ್ರೈಬ್ ಕೊಡುವುದಾದರೆ ಪರೀಕ್ಷೆಗೆ ಎರಡು ದಿನ ಮೊದಲು ಭೇಟಿಯಾಗಿ, ಸರಿಹೋಗುತ್ತಾರಾ ಎಂದು ನೋಡುವ ಹಕ್ಕು ವಿದ್ಯಾರ್ಥಿಗೆ ಉಂಟು. ಆ ಭೇಟಿಯಲ್ಲಿ ಬೇರೇನೂ ಬೇಡ, ಹಳೆಯ ಪ್ರಶ್ನೆಪತ್ರಿಕೆಯ ಒಂದು ಉತ್ತರ ಹೇಳಿ ಬರೆಸಿ ನೋಡಿ. ಕನ್ನಡ ಮಾತಾಡಬಲ್ಲವರು ಎಲ್ಲರೂ ಕನ್ನಡ ಬರೆಯಬಲ್ಲವರಲ್ಲ. ಮಲಯಾಳ ಮೀಡಿಯಂನಲ್ಲಿ ಓದಿದವರ ಕೈಯಲ್ಲಿ ಒತ್ತಕ್ಷರ ತಡವರಿಸುವುದು ಅಲ್ಲಿಯೇ ಗೊತ್ತಾಗಿಬಿಡುತ್ತದೆ.

ಅನುಮತಿ ಪತ್ರದಲ್ಲಿ ಪ್ರತಿಯೊಂದನ್ನೂ ಹೆಸರು ಹೇಳಿ ಬರೆಸಿ: ಭೂತಗನ್ನಡಿ, ಮೇಜಿನ ದೀಪ, ದಪ್ಪ ತುದಿಯ ಕಪ್ಪು ಪೆನ್ನು, ಕೆಳಗಿನ ಮಹಡಿಯ ಕೋಣೆ, ನಕ್ಷೆಯ ಪ್ರಶ್ನೆಗೆ ಬದಲಿ ಪ್ರಶ್ನೆ. ದೃಷ್ಟಿ ದೋಷ ಇದ್ದವರಿಗೆ ನೋಡಿಯೇ ಉತ್ತರಿಸಬೇಕಾದ ಪ್ರಶ್ನೆಯ ಬದಲು ಬೇರೆ ಪ್ರಶ್ನೆ ಕೊಡಬೇಕೆಂದು ಮಾರ್ಗಸೂಚಿಯಲ್ಲಿದೆ, ಚರಿತ್ರೆಯವರಿಗೆ ಇದು ಮುಖ್ಯ. ಪತ್ರದಲ್ಲಿ "ಅಗತ್ಯ ಸೌಲಭ್ಯ ನೀಡುವುದು" ಎಂದು ಮಾತ್ರ ಇದ್ದರೆ ಆ ದಿನ ಕೋಣೆಯಲ್ಲಿರುವ ಇನ್ವಿಜಿಲೇಟರ್ ಭೂತಗನ್ನಡಿಯನ್ನೂ ಹೊರಗಿಡಲು ಹೇಳಬಹುದು.

---

ಅಚ್ಚುಮೊಳೆ ಉತ್ತರ:

ಪಠ್ಯದ ಬಗ್ಗೆ ನಾನು ಹೇಳುತ್ತೇನೆ. ಮೊದಲು ದೊಡ್ಡಕ್ಷರದ್ದು, ಯಾಕೆಂದರೆ ಕಾಲೇಜುಗಳು ಸುಲಭದ ದಾರಿ ಎಂದು ಎ4 ಹಾಳೆಯನ್ನು ಎ3ಗೆ ಹಿಗ್ಗಿಸಿ ಜೆರಾಕ್ಸ್ ತೆಗೆದು ಕೊಡುತ್ತವೆ. ಆ ಹಿಗ್ಗುವಿಕೆ 141 ಶೇಕಡಾ ಮಾತ್ರ. 11 ಪಾಯಿಂಟಿನ ಅಕ್ಷರ ಸುಮಾರು ಹದಿನೈದೂವರೆ ಆಗುತ್ತದೆ, ದೊಡ್ಡಕ್ಷರ ಎನಿಸಿಕೊಳ್ಳಲು ಬೇಕಾದ 18ಕ್ಕೆ ಮುಟ್ಟುವುದೇ ಇಲ್ಲ. ಜೊತೆಗೆ ಕನ್ನಡದಲ್ಲಿ ಒತ್ತಕ್ಷರಗಳು ಮೊದಲೇ ಚಿಕ್ಕವು, ಜೆರಾಕ್ಸಿನ ಮಸಿಯಲ್ಲಿ ಅವು ತುಂಬಿಕೊಂಡುಬಿಡುತ್ತವೆ, ಮೇಲಿನ ಸಾಲಿನ ವತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕೇಳಬೇಕಾದದ್ದು ಹಿಗ್ಗಿಸಿದ ನಕಲನ್ನಲ್ಲ, ಮೂಲ ಫೈಲಿನಿಂದಲೇ 20ರಿಂದ 24 ಪಾಯಿಂಟಿನಲ್ಲಿ, ಒಂದೂವರೆ ಸಾಲಿನ ಅಂತರದಲ್ಲಿ, ಹೊಳಪಿಲ್ಲದ ಕಾಗದದ ಮೇಲೆ ತೆಗೆದ ಪ್ರಿಂಟನ್ನು. ಯಾವ ಗಾತ್ರ ಸರಿ ಎಂದು ಮನೆಯಲ್ಲಿ 18, 20, 22, 24ರಲ್ಲಿ ಒಂದೊಂದು ಪುಟ ತೆಗೆದು, ಅರ್ಧ ಗಂಟೆ ಓದಿಸಿ ನೋಡಿ ಅರ್ಜಿಯಲ್ಲಿ ಆ ಸಂಖ್ಯೆಯನ್ನೇ ಬರೆಯಿರಿ.

ಈಗ ಕೇಳುವ ವಿಷಯ. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್‌ನ ಕನ್ನಡ ಧ್ವನಿ ಉಂಟು, ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಅದನ್ನೇ ಬಳಸುತ್ತದೆ. ಕಂಪ್ಯೂಟರಿನಲ್ಲಿ ಅದೇ ಕೆಲಸ ಮಾಡುವ ಎನ್‌ವಿಡಿಎ ಉಚಿತ. ಅದರ ಜೊತೆ ಬರುವ ಧ್ವನಿ ತಂತ್ರಾಂಶ ಇಸ್ಪೀಕ್‌ನ ಕನ್ನಡ ಯಂತ್ರದ ದನಿಯಂತೆ ಕೇಳಿಸಿದರೂ ವೇಗ ಹೆಚ್ಚಿಸಿದಾಗ ಸ್ಪಷ್ಟ. ದೀರ್ಘ ಓದಿಗೆ ಮೈಕ್ರೋಸಾಫ್ಟ್ ಎಡ್ಜ್‌ನ ಗಟ್ಟಿಯಾಗಿ ಓದುವ ಸೌಲಭ್ಯದಲ್ಲಿರುವ ಸಪ್ನಾ, ಗಗನ್ ಎಂಬ ಕನ್ನಡ ಧ್ವನಿಗಳು ಕಿವಿಗೆ ಹಿತ, ಆದರೆ ಇಂಟರ್ನೆಟ್ ಬೇಕು.

ಎಲ್ಲ ಕೆಡುವುದು ಫೈಲಿನಲ್ಲಿ. ಕನ್ನಡದ ಅಧ್ಯಾಪಕರು ಕೊಡುವ ನೋಟ್ಸ್ ಹಲವು ಸಲ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿರುತ್ತದೆ. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಸ್ಕ್ರೀನ್ ರೀಡರ್ ಅದನ್ನು ಅರ್ಥವಿಲ್ಲದ ಇಂಗ್ಲಿಷಾಗಿ ಓದುತ್ತದೆ. ಪರೀಕ್ಷಿಸುವುದು ಸುಲಭ: ಒಂದು ಸಾಲನ್ನು ನಕಲು ಮಾಡಿ ವಾಟ್ಸಾಪಿನಲ್ಲಿ ಅಂಟಿಸಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್ (ಎಲ್ಲ ಯಂತ್ರಗಳೂ ಕನ್ನಡವೆಂದೇ ಗುರುತಿಸುವ ಸಂಕೇತ), ಕಲಸುಮೇಲೋಗರವಾದರೆ ಹಳೆಯ ಫಾಂಟು. ಅಂಥದ್ದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ವರ್ಡ್ ಫೈಲ್ ಕೇಳಿ ತೆಗೆದುಕೊಳ್ಳಿ, ಪಿಡಿಎಫ್‌ನಿಂದ ತೆಗೆದರೆ ಪರಿವರ್ತನೆಯಲ್ಲಿ ಅಕ್ಷರ ಜಾರುತ್ತದೆ.

ಅಚ್ಚಾದ ಪುಸ್ತಕವಾದರೆ ಸ್ಕ್ಯಾನ್ ಮಾಡಿ ಓಸಿಆರ್ (ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯವಾಗಿಸುವುದು) ಮಾಡಬೇಕು. 300 ಡಿಪಿಐ, ಒಂದು ಸಲಕ್ಕೆ ಒಂದೇ ಪುಟ. ಎರಡು ಪುಟ ಒಟ್ಟಿಗೆ ಹಿಡಿದರೆ ಎಡ ಪುಟದ ಸಾಲು ಬಲ ಪುಟಕ್ಕೆ ಸೇರಿಕೊಳ್ಳುತ್ತದೆ, ನಡುವಿನ ಹೊಲಿಗೆಯ ನೆರಳಿನಲ್ಲಿ ಸಾಲಿನ ಮೊದಲ ಅಕ್ಷರಗಳು ಹೋಗುತ್ತವೆ. ಚಿತ್ರವನ್ನು ಗೂಗಲ್ ಡ್ರೈವ್‌ಗೆ ಏರಿಸಿ ಡಾಕ್ಸ್‌ನಲ್ಲಿ ತೆರೆದರೆ ಪಠ್ಯ ಬರುತ್ತದೆ. ತುಂಬಾ ಪುಟಗಳಿದ್ದರೆ ಟೆಸರಾಕ್ಟ್ ಎಂಬ ಓಸಿಆರ್ ತಂತ್ರಾಂಶ ಹಾಕಿಕೊಂಡು ಕನ್ನಡದ ದತ್ತಾಂಶ ಸೇರಿಸಿ. ತಪ್ಪುಗಳು ಎಲ್ಲಿ ಬರುತ್ತವೆ ಎಂದು ಗೊತ್ತಿದ್ದರೆ ತಿದ್ದುವುದು ಬೇಗ ಮುಗಿಯುತ್ತದೆ. ಅರ್ಕಾವತ್ತನ್ನು ಅದು ಕನ್ನಡದ ಒಂಬತ್ತು ಎಂದು ತಿಳಿಯುತ್ತದೆ. ಸೊನ್ನೆ ಮತ್ತು ಅನುಸ್ವಾರ ಅದಲುಬದಲಾಗುತ್ತವೆ. ಪ, ವ, ಷ ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತದೆ. ಚರಿತ್ರೆಯ ಪುಸ್ತಕದಲ್ಲಿ ಇಸವಿಗಳನ್ನು ಮಾತ್ರ ಒಬ್ಬರು ಕೂತು ಮೂಲದೊಂದಿಗೆ ಹೋಲಿಸಲೇಬೇಕು, ಯಾಕೆಂದರೆ ತಪ್ಪಾದ ಪದ ಕಿವಿಗೆ ಗೊತ್ತಾಗುತ್ತದೆ, ತಪ್ಪಾದ ಇಸವಿ ಗೊತ್ತಾಗುವುದಿಲ್ಲ. ಹಳಗನ್ನಡ ಪದ್ಯಕ್ಕೆ ಓಸಿಆರ್ ನಂಬಬೇಡಿ. ಒಬ್ಬರು ಓದಿ ಧ್ವನಿಮುದ್ರಣ ಮಾಡಿಕೊಡುವುದೇ ಉತ್ತಮ: ಒಂದು ಪದ್ಯಕ್ಕೆ ಒಂದು ಫೈಲು, ಫೈಲಿನ ಹೆಸರಿನಲ್ಲಿ ಪದ್ಯದ ಸಂಖ್ಯೆ, ಮೊದಲು ಪದ್ಯ, ಆಮೇಲೆ ಪದ ಬಿಡಿಸಿ ಇನ್ನೊಮ್ಮೆ.

ಪುಸ್ತಕವನ್ನು ಹೀಗೆ ಪರಿವರ್ತಿಸುವುದು ಕಾನೂನುಬಾಹಿರವೇ ಎಂದು ಲೈಬ್ರರಿಯವರು ಹಿಂಜರಿದರೆ, ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 52(1)(ಜೆಡ್‌ಬಿ) ತೋರಿಸಿ. ಅಂಗವೈಕಲ್ಯ ಇರುವವರ ಓದಿಗಾಗಿ, ಲಾಭದ ಉದ್ದೇಶವಿಲ್ಲದೆ, ಅವರಿಗೆ ಬೇಕಾದ ರೂಪಕ್ಕೆ ಬದಲಿಸಿ ಹಂಚಲು ಅದು ಅವಕಾಶ ಕೊಡುತ್ತದೆ. ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಸದಸ್ಯತ್ವ ಮಾಡಿಸಿ, ಇಂಗ್ಲಿಷ್ ಪರಾಮರ್ಶನ ಪುಸ್ತಕಗಳಿಗೆ ಒಳ್ಳೆಯ ಸಂಗ್ರಹ. ಕಾಲೇಜಿನ ಕನ್ನಡ ಪಠ್ಯವನ್ನು ಮಾತ್ರ ನಾವೇ ತಯಾರಿಸಿಕೊಳ್ಳಬೇಕಾಗುತ್ತದೆ. ಸೆಮಿಸ್ಟರ್ ಶುರುವಾಗುವ ಮೊದಲೇ ಪಠ್ಯಪಟ್ಟಿ ಕೇಳಿ ತೆಗೆದುಕೊಳ್ಳುವುದು ಇದಕ್ಕೇ.

---

ತಲಪಾಡಿ_ಗಡಿ ಉತ್ತರ:

ಮಂಗಳೂರಿನ ಪ್ರಶ್ನೆಗೆ: ನಡೆಯುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕು ಕಾಯ್ದೆಯ 58ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ದೇಶದಾದ್ಯಂತ ಊರ್ಜಿತ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ 40 ಶೇಕಡಾ ಮೇಲ್ಪಟ್ಟವರಿಗೆ ಕನಿಷ್ಠ 5 ಶೇಕಡಾ ಸೀಟು, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ, ಇದು 32ನೇ ಸೆಕ್ಷನ್. ಪರೀಕ್ಷೆಯ ಸೌಲಭ್ಯಗಳೂ ಗಡಿ ದಾಟಿದ ಮಾತ್ರಕ್ಕೆ ಕೈತಪ್ಪುವುದಿಲ್ಲ. ಕೈತಪ್ಪುವುದು ರಾಜ್ಯ ಸರ್ಕಾರದ ಯೋಜನೆಗಳು. ಕರ್ನಾಟಕದ ವಿದ್ಯಾರ್ಥಿವೇತನ ಅಲ್ಲಿಯ ನಿವಾಸಿಗಳಿಗೆ. ಕೇರಳದ ಸಾಮಾಜಿಕ ನ್ಯಾಯ ಇಲಾಖೆಯ ವಿದ್ಯಾಜ್ಯೋತಿಯಂಥ ಯೋಜನೆಗೆ ಹೊರರಾಜ್ಯದ ಕಾಲೇಜು ಆಗುತ್ತದಾ ಎಂದು ಸೀಟು ತೆಗೆದುಕೊಳ್ಳುವ ಮೊದಲು ಕಾಸರಗೋಡಿನ ಜಿಲ್ಲಾ ಕಚೇರಿಯಲ್ಲಿ ಕೇಳಿ.

ಕೇಂದ್ರದ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಎಲ್ಲಿ ಓದಿದರೂ ಸಿಗುವಂಥದ್ದು. ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ. 40 ಶೇಕಡಾ ಮೇಲ್ಪಟ್ಟ ಅಂಗವೈಕಲ್ಯ, ತಂದೆತಾಯಿಯ ವಾರ್ಷಿಕ ಆದಾಯ ಎರಡೂವರೆ ಲಕ್ಷದೊಳಗೆ. ವಾಸದ ರಾಜ್ಯ ಕೇರಳ ಎಂದು ತುಂಬಿಸಿ, ಕಾಲೇಜು ಮಾತ್ರ ಇರುವಲ್ಲಿಯದ್ದು. ಆದಾಯ ಪ್ರಮಾಣಪತ್ರ ವಿಲ್ಲೇಜ್ ಆಫೀಸಿನದ್ದು, ಅಕ್ಷಯ ಕೇಂದ್ರದಲ್ಲಿ ಇ-ಡಿಸ್ಟ್ರಿಕ್ಟ್ ಮೂಲಕ ಹಾಕಿದರಾಯಿತು.

ಅರ್ಜಿ ಬಿದ್ದುಹೋಗುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ಹೆಸರು. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಮನೆ ಹೆಸರು ಬಿಡಿಸಿ, ಯುಡಿಐಡಿಯಲ್ಲಿ ಮಲಯಾಳದಿಂದ ಇಂಗ್ಲಿಷಿಗೆ ಹೋದ ಬೇರೊಂದು ಕಾಗುಣಿತ. ನಮ್ಮ ಕಡೆ ಶ್ರೀ, ಶ ಇರುವ ಹೆಸರುಗಳಿಗೆ ಮೂರು ದಾಖಲೆಯಲ್ಲಿ ಮೂರು ರೂಪ ಇರುವುದು ಮಾಮೂಲು. ಎಸ್‌ಎಸ್‌ಎಲ್‌ಸಿಯಲ್ಲಿ ಇದ್ದ ಹಾಗೆ ಆಧಾರ್ ಮೊದಲು ತಿದ್ದಿಸಿ, ಆಮೇಲೆ ಯುಡಿಐಡಿ, ಕೊನೆಗೆ ಬ್ಯಾಂಕ್. ಇನ್ನೊಂದು, ಕಾಲೇಜಿನ ಮಟ್ಟದ ಪರಿಶೀಲನೆ. ವಿದ್ಯಾರ್ಥಿ ಅರ್ಜಿ ಹಾಕಿದರೂ ಕಾಲೇಜಿನ ನೋಡಲ್ ಅಧಿಕಾರಿ ಪೋರ್ಟಲ್‌ನಲ್ಲಿ ಒಪ್ಪಿಗೆ ಒತ್ತದಿದ್ದರೆ ಅದು ಅಲ್ಲಿಯೇ ಮುಗಿಯಿತು, ಯಾರೂ ಫೋನ್ ಮಾಡಿ ಹೇಳುವುದಿಲ್ಲ. ಅರ್ಜಿಯ ಪ್ರಿಂಟ್ ಆಫೀಸಿಗೆ ಕೊಟ್ಟು, ವಾರಕ್ಕೊಮ್ಮೆ ಲಾಗಿನ್ ಆಗಿ ಸ್ಥಿತಿ ನೋಡಿ. "ಡಿಫೆಕ್ಟಿವ್" ಎಂದು ಬಂದರೆ ತಿದ್ದಿ ಮತ್ತೆ ಕಳಿಸಲು ಸಿಗುವ ದಿನಗಳು ಕಡಿಮೆ. ಹಣ ಬರುವುದು ಆಧಾರ್ ಸೀಡ್ ಆದ, ಎಂದರೆ ಆಧಾರ್ ಜೋಡಿಸಿದ, ಖಾತೆಗೆ. ಖಾತೆ ಸಂಖ್ಯೆ ಕೊಟ್ಟರೆ ಸಾಲದು, ಸೀಡ್ ಆಗಿದೆಯಾ ಎಂದು ಬ್ಯಾಂಕಿನಲ್ಲಿ ಕೇಳಬೇಕು.

ಕಾರ್ಡಿನ ಮೇಲೆ ಅವಧಿ ಮುಗಿಯುವ ದಿನ ಉಂಟಾ ಎಂದು ಈಗಲೇ ನೋಡಿ. ತಾತ್ಕಾಲಿಕ ಕಾರ್ಡಾದರೆ ಡಿಗ್ರಿಯ ನಡುವೆ ಅವಧಿ ತೀರಿ ಎಲ್ಲವೂ ನಿಲ್ಲುತ್ತದೆ.

ಇನ್ನೊಂದು ವಿಷಯ, ನಮ್ಮ ಜಿಲ್ಲೆಗೇ ಸೇರಿದ್ದು: ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದ್ದರೆ ಅದು ಅಂಗವೈಕಲ್ಯ ಸರ್ಟಿಫಿಕೇಟ್ ಅಲ್ಲ. ಪಟ್ಟಿಯ ಸೌಲಭ್ಯ ಬೇರೆ, ಕಾಲೇಜಿಗೆ ಬೇಕಾದ ಯುಡಿಐಡಿ ಬೇರೆ. ಎಷ್ಟೋ ಮನೆಯವರು ಪಟ್ಟಿ ಸಾಕೆಂದು ಸುಮ್ಮನಿದ್ದು ಮಕ್ಕಳ ಸೀಟು, ವೇತನ ಎರಡೂ ತಪ್ಪಿಸಿಕೊಳ್ಳುವುದು ನೋಡಿದರೆ ಸಂಕಟವಾಗುತ್ತದೆ.

---

ಪೆರ್ಲ_ಪೇಟೆ:

ತುಂಬಾ ಉಪಕಾರ. ಎರಡು ಸಂಶಯ ಉಳಿದಿದೆ. ಇಂಟರ್ನಲ್ ಪರೀಕ್ಷೆಗೆ, ಅಸೈನ್‌ಮೆಂಟಿಗೆ ಇದೆಲ್ಲ ಇಲ್ಲ, ಫೈನಲ್‌ಗೆ ಮಾತ್ರ ಎಂದು ಒಬ್ಬರು ಹೇಳಿದರು. ಸರಿಯಾ? ಮತ್ತೆ ಅರ್ಜಿಯನ್ನು ಕನ್ನಡದಲ್ಲಿ ಕೊಡಬಹುದಾ?

---

ಬೇಕಲ_ಟೀಚರ್ ಉತ್ತರ:

ಸರಿಯಲ್ಲ ಅಣ್ಣ. ನಾಲ್ಕು ವರ್ಷದ ಡಿಗ್ರಿಯಲ್ಲಿ 30 ಶೇಕಡಾ ಅಂಕ ಇಂಟರ್ನಲ್‌ನದ್ದು. 2016ರ ಹಕ್ಕು ಕಾಯ್ದೆ "ಪರೀಕ್ಷಾ ವ್ಯವಸ್ಥೆ"ಯಲ್ಲಿ ಬದಲಾವಣೆ ಮಾಡಬೇಕೆನ್ನುತ್ತದೆ, ಫೈನಲ್ ಎಂದು ಬಿಡಿಸಿ ಹೇಳುವುದಿಲ್ಲ. 17ನೇ ಸೆಕ್ಷನ್‌ನಲ್ಲಿ ಹೆಚ್ಚು ಸಮಯ, ಸ್ಕ್ರೈಬ್, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವನ್ನೆಲ್ಲ ಉದಾಹರಣೆಯಾಗಿ ಹೆಸರಿಸಿದೆ. ಭಾಷೆಯ ವಿನಾಯಿತಿ ಕೇಳುವ ಮೊದಲು ಒಂದು ಯೋಚನೆ ಮಾಡಿ: ಮುಂದೆ ಬಿ.ಎಡ್. ಅಥವಾ ಪಿಎಸ್‌ಸಿ ಹುದ್ದೆಗೆ ಆ ಭಾಷೆ ಓದಿರಬೇಕೆಂದು ಕೇಳುವ ಸಂದರ್ಭ ಬರಬಹುದು. ಓದಬಲ್ಲಳಾದರೆ ಕನ್ನಡವನ್ನಂತೂ ಬಿಡಿಸಬೇಡಿ.

ಇಂಟರ್ನಲ್‌ಗೆ ವಿಶ್ವವಿದ್ಯಾಲಯದ ಅನುಮತಿಗೆ ಕಾಯಬೇಕಾಗಿಲ್ಲ, ಪ್ರಿನ್ಸಿಪಾಲರು ಒಂದು ಪತ್ರ ಹೊರಡಿಸಿ ಎಲ್ಲ ವಿಭಾಗಗಳಿಗೆ ಕಳಿಸಿದರೆ ಆಯಿತು. ಸೇರಿದ ಮೊದಲ ವಾರ ಆ ಪತ್ರ ಮಾಡಿಸಿ. ಅದರಲ್ಲಿ ತರಗತಿಯ ವಿಷಯವೂ ಇರಲಿ: ಮುಂದಿನ ಬೆಂಚು, ಬೋರ್ಡಿನಲ್ಲಿ ಬರೆಯುವುದನ್ನು ಬಾಯಲ್ಲೂ ಹೇಳುವುದು, ಬೋರ್ಡಿನ ಫೋಟೋ ತೆಗೆಯಲು ಮತ್ತು ಪಾಠ ಧ್ವನಿಮುದ್ರಿಸಲು ಅನುಮತಿ, ಸ್ಲೈಡುಗಳನ್ನು ಹಿಂದಿನ ದಿನವೇ ಯೂನಿಕೋಡ್ ಫೈಲಾಗಿ ಕೊಡುವುದು, ಸೆಮಿನಾರಿಗೆ ಕೈಬರಹದ ಬದಲು ಟೈಪ್ ಮಾಡಿದ ಪ್ರತಿ. ಪ್ರತಿ ಅಧ್ಯಾಪಕರ ಹತ್ತಿರ ಹೋಗಿ ತನ್ನ ಕಣ್ಣಿನ ಕತೆ ಹೇಳುತ್ತಾ ಬೇಡುವ ಸ್ಥಿತಿ ಹದಿನೆಂಟರ ಹುಡುಗಿಗೆ ಬರಬಾರದು. ಪತ್ರ ಅವಳ ಪರವಾಗಿ ಮಾತಾಡಬೇಕು.

ಭಾಷೆಯ ಬಗ್ಗೆ: ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿಯ ಕನ್ನಡಿಗರು ರಾಜ್ಯ ಸರ್ಕಾರದ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದು. ವಿಲ್ಲೇಜ್ ಆಫೀಸು, ಸಾಮಾಜಿಕ ನ್ಯಾಯ ಕಚೇರಿಗೆ ಧಾರಾಳವಾಗಿ ಕನ್ನಡದಲ್ಲೇ ಕೊಡಿ. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಮಾತ್ರ ಇಂಗ್ಲಿಷಿನಲ್ಲಿ ಕೊಡುವುದು ಒಳ್ಳೆಯದು. ಫೈಲು ಕಣ್ಣೂರಿನಲ್ಲಿ ನಾಲ್ಕು ಮೇಜು ದಾಟಬೇಕು, ಅನುವಾದಕ್ಕೆಂದು ಒಂದು ಮೇಜಿನಲ್ಲಿ ಕೂತರೆ ಪರೀಕ್ಷೆ ಮುಗಿದ ಮೇಲೆ ಉತ್ತರ ಬರುತ್ತದೆ.

ಅರ್ಜಿ ಕೊಟ್ಟದ್ದಕ್ಕೆ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಮೊದಲು ಕಾಲೇಜಿನ ಸಮಾನ ಅವಕಾಶ ಘಟಕ, ಆಮೇಲೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನೇಮಿಸಬೇಕಾದ ಕುಂದುಕೊರತೆ ಅಧಿಕಾರಿ. ದೂರು ದಾಖಲಾದ ಎರಡು ವಾರದೊಳಗೆ ಅವರು ವಿಚಾರಿಸಬೇಕು. ಅಲ್ಲಿಯೂ ಆಗದಿದ್ದರೆ ತಿರುವನಂತಪುರದ ರಾಜ್ಯ ಅಂಗವಿಕಲರ ಕಮಿಷನರ್. ಅವರಿಗೆ ಸಾಕ್ಷಿ ಕರೆಸುವ, ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರ ಉಂಟು. ಸೀಲು ಬಿದ್ದ ಪ್ರತಿ ಇಲ್ಲದೆ ಇದ್ಯಾವುದೂ ಮುಂದೆ ಹೋಗುವುದಿಲ್ಲ.

---

ಕುಂಬಳೆ_ಸ್ಟೇಷನ್:

ಇದೇ ಎಳೆಯಲ್ಲಿ ಕೇಳುತ್ತೇನೆ. ಡಿಸ್‌ಲೆಕ್ಸಿಯಾ (ಓದು ಬರಹದ ಕಲಿಕಾ ನ್ಯೂನತೆ) ಇದ್ದು ಎಸ್‌ಎಸ್‌ಎಲ್‌ಸಿ, ಪ್ಲಸ್ ಟುವಿನಲ್ಲಿ ಸ್ಕ್ರೈಬ್ ಸಿಕ್ಕಿದವನಿಗೆ ಡಿಗ್ರಿಯಲ್ಲಿ ಅದೇ ಕಾಗದ ಸಾಕಾ? ಶೇಕಡಾ 40 ಆಗದಿದ್ದರೆ?

---

ಹಾಲ್_ಟಿಕೆಟ್ ಉತ್ತರ:

ಸಾಲದು. ಶಾಲೆಯ ಅನುಮತಿ ಆ ಪರೀಕ್ಷೆಗೆ ಮುಗಿಯಿತು. ಕಲಿಕಾ ನ್ಯೂನತೆಯ ಸರ್ಟಿಫಿಕೇಟ್ 2018ರ ನಿಯಮದಲ್ಲಿ 14ರಲ್ಲಿ ಒಮ್ಮೆ, 18ರಲ್ಲಿ ಇನ್ನೊಮ್ಮೆ ಪರೀಕ್ಷಿಸಿ ಕೊಡುವಂಥದ್ದು. 18ರಲ್ಲಿ ಕೊಟ್ಟದ್ದು ಜೀವನಪರ್ಯಂತಕ್ಕೆ. ಪ್ಲಸ್ ಟು ಮುಗಿಯುವಾಗಲೇ 18 ತುಂಬುವ ಕಾರಣ ಬೇಸಿಗೆ ರಜೆಯಲ್ಲಿ ಮಾಡಿಸಿದರೆ ಸರಿಹೋಗುತ್ತದೆ. ಕನ್ನಡ ಮೀಡಿಯಂನವನನ್ನು ಇಂಗ್ಲಿಷ್ ಅಥವಾ ಮಲಯಾಳದ ಓದುಪಾಠ ಕೊಟ್ಟು ಅಳೆದರೆ ಫಲಿತಾಂಶ ಸರಿ ಬರುವುದಿಲ್ಲ. ಕನ್ನಡದ ಸಾಮಗ್ರಿ ಇರುವ ಸೈಕಾಲಜಿಸ್ಟ್ ಯಾರಿದ್ದಾರೆ ಎಂದು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ ದಿನ ಗೊತ್ತುಮಾಡಿ.

40 ಆಗದಿದ್ದರೂ ಬಾಗಿಲು ಮುಚ್ಚುವುದಿಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ಅಭ್ಯರ್ಥಿಯ ಪ್ರಕರಣದಲ್ಲಿ, ವಿಕಾಸ್ ಕುಮಾರ್ ವಿರುದ್ಧ ಯುಪಿಎಸ್‌ಸಿ, ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 11ರಂದು ಸ್ಕ್ರೈಬ್‌ಗೆ 40 ಶೇಕಡಾ ಇರಲೇಬೇಕೆಂದಿಲ್ಲ ಎಂದು ತೀರ್ಪು ಕೊಟ್ಟಿತು. ಅದರ ಮೇಲೆ 2022ರ ಆಗಸ್ಟ್ 10ರಂದು 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟ ಇರುವವರಿಗೆಂದೇ ಪ್ರತ್ಯೇಕ ಮಾರ್ಗಸೂಚಿ ಬಂತು. ಸಮಯದ ಲೆಕ್ಕ ಅದರಲ್ಲೂ ಗಂಟೆಗೆ 20 ನಿಮಿಷವೇ. ಸರ್ಟಿಫಿಕೇಟಿನ ನಮೂನೆ ಮಾತ್ರ ಬೇರೆ, 2018ರ ಅನುಬಂಧವನ್ನು ತುಂಬಿಸಿ ಕೊಟ್ಟರೆ ತಿರಸ್ಕಾರವಾಗುತ್ತದೆ. ಪರೀಕ್ಷಾ ಶುಲ್ಕ ಕಟ್ಟುವ ಅಧಿಸೂಚನೆ ಬರುವ ಮೊದಲೇ ಆ ನಮೂನೆ ಕೈಯಲ್ಲಿರಲಿ, ಶುಲ್ಕದ ಜೊತೆಗೇ ಸ್ಕ್ರೈಬ್ ಅರ್ಜಿಯನ್ನೂ ಕೊಟ್ಟುಬಿಡಿ. ಹಾಲ್ ಟಿಕೆಟ್ ಬಂದ ಮೇಲೆ ಓಡಾಡುವಾಗ ಸಿಗುವ ದಿನಗಳಲ್ಲಿ ಮೆಡಿಕಲ್ ಬೋರ್ಡ್ ಕೂರುವ ದಿನ ಒಂದೂ ಬರದೆ ಹೋಗಬಹುದು.